ಅರ್ಧಕ್ಕೆ ನಿಂತ ಶಟರ್

ರೀ,

ಇವತ್ತು ಮಟಮಟ ಮಧ್ಯಾಹ್ನ, ಕುಷ್ಟಗಿ ಸಂತೆಯಲ್ಲಿ, ನಮ್ಮ ಬಳೆ ಅಂಗಡಿಯೆದುರೇ ಮೂವರು ಸೇರಿ ಉಳ್ಳಾಗಡ್ಡಿ ಮಾರುವವನೊಬ್ಬನನ್ನು ಬಡಿಗೆಯಿಂದ ಹೊಡೆದರು. ಸಾಲಿನ ಶಟರ್‌ಗಳೆಲ್ಲ ದಡದಡ ಇಳಿದವು. ಇಂಥದೇ ಹೊಡೆದಾಟ ಬಿಡಿಸಲು ಹೋಗಿ ನೀವು ತಿರುಗಿ ಬಾರದ ದಿನವೂ ಹೀಗೇ ಇಳಿದಿದ್ದವು. ಅವತ್ತು ಶಟರ್ ಎಳೆದವರಿಗೆಲ್ಲ ಶಾಪ ಹಾಕಿದೆ. ಪಕ್ಕದ ಚಪ್ಪಲಿ ಅಂಗಡಿಯ ರಫೀ ಜೊತೆ ಮಾತೇ ಬಿಟ್ಟೆ.

ಇವತ್ತು ನಾನೂ ಎಳೆದೆ. ಶಟರ್ ಅರ್ಧಕ್ಕೆ ಬಂದಾಗ ಶಿವಲೀಲಾ ಬಗ್ಗಿ ಹೊರಗೆ ಹೊರಟಳು. ಮಗಳ ಜಡೆ ಹಿಡಿದು ಒಳಗೆಳೆದೆ.

"ಬಿಡವ್ವಾ, ಅಪ್ಪಾ ಇದ್ದಿದ್ರ ಹೋಗ್ತಿದ್ದ."

"ಹೋಗಿದ್ದಕ್ಕನ ಇವತ್ತ ಇಲ್ಲ."

ಪೂರ್ತಿ ಎಳೆದುಬಿಟ್ಟೆ. ಹೊರಗೆ ಅವನು "ಯಾರರ ಬರ್ರೀ" ಎಂದು ಕೂಗುತ್ತಿದ್ದ. ಆಮೇಲೆ ಅದೂ ನಿಂತಿತು.

ಎಲ್ಲ ಮುಗಿದ ಮೇಲೆ ಶಟರ್ ಎತ್ತಿದೆ. ರಫೀಯೂ ತನ್ನದನ್ನು ಎತ್ತುತ್ತಿದ್ದ. ನನ್ನ ಮುಖ ನೋಡಿ, "ಚಾ ಹೇಳ್ಲೇನ್ರಿ, ಅಕ್ಕಾರ?" ಎಂದ. ಹೂಂ ಎಂದೆ.

ಚಾ ಕುಡಿಯುವಾಗ ಉಳ್ಳಾಗಡ್ಡಿಯವನ ಹೆಂಡತಿ ಬಂದಳು. ಅವನನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು. ಚೆಲ್ಲಿದ ಉಳ್ಳಾಗಡ್ಡಿಯ ನಡುವೆ ನಿಂತು, ಒಂದೊಂದೇ ಅಂಗಡಿಯ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು, ರೀ.

ನಮ್ಮ ಅಂಗಡಿಯ ಸರದಿ ಬಂದಾಗ ತಲೆ ತಗ್ಗಿಸಿ ಬಳೆ ಜೋಡಿಸತೊಡಗಿದೆ.