ಚಿರತೆ ಕುರ್ಚಿಯ ಪಕ್ಕ ಕೂತಿರಲಿಲ್ಲ

ಮಾನ್ಯ ವನ್ಯಜೀವಿ ಅಧಿಕಾರಿಗಳೇ,

ನನ್ನ ಅಣ್ಣನ ಸಫಾರಿ ಮಾರ್ಗದರ್ಶಿ ಪರವಾನಗಿಯನ್ನು ನೀವು ನಿನ್ನೆ ಅಮಾನತು ಮಾಡಿದ್ದೀರಿ. ಮಾಂಸದ ಆಸೆ ತೋರಿಸಿ ಚಿರತೆ ಅತಿಥಿಗಳ ಬಳಿಗೆ ಬರುವಂತೆ ಮಾಡಿದನೆಂಬುದು ಆರೋಪ. ಇದನ್ನು ನಮಗೆ ತಿಳಿಸಿದ್ದು ನಿಮ್ಮ ಕಚೇರಿಯಲ್ಲ. ಅವನು ಕೆಲಸ ಮಾಡುವ ಖಾಸಗಿ ಸಫಾರಿ ಲಾಡ್ಜಿನ ಅಡುಗೆಯವರು. ಗೇಟಿಗೆ ಅಂಟಿಸಿದ್ದ ನೋಟಿಸು ಓದಿ ಫೋನ್ ಮಾಡಿದರು. ಸಾಕ್ಷ್ಯ ಒಂದೇ: ಲಾಡ್ಜಿನ ಪ್ರಚಾರಕ್ಕೆಂದು ನಾನು ತೆಗೆದ ವಿಡಿಯೊ.

ಅದರಲ್ಲಿ ಮರದ ಜಗಲಿಯ ಮೇಲೆ ಕುರ್ಚಿಯಲ್ಲಿ ಒಬ್ಬ ಹೆಂಗಸು ಕಾಫಿ ಕಪ್ಪು ಹಿಡಿದು ಕೂತಿದ್ದಾಳೆ. ಅವಳ ಭುಜದ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಂತೆ, ಚಿರತೆ ಬಾಲ ಬೀಸುತ್ತಿದೆ. ಆಮಿಷವಿಲ್ಲದೆ ಚಿರತೆ ಇಷ್ಟು ಹತ್ತಿರ ಬರುವುದಿಲ್ಲ ಎಂದು ನೋಟಿಸಿನಲ್ಲಿ ಬರೆದಿದ್ದೀರಿ. ಒಪ್ಪಿದೆ. ಅದು ಬಂದೇ ಇರಲಿಲ್ಲ. ಚಿರತೆ ಇದ್ದದ್ದು ಹೊಳೆಯಾಚೆಯ ಬಂಡೆಯ ಮೇಲೆ. ನಾನಿದ್ದದ್ದು ಲಾಡ್ಜಿನ ಹಿಂದಿನ ದಿಬ್ಬದಲ್ಲಿ, ನೀರಿನ ಟ್ಯಾಂಕಿನ ಪಕ್ಕ. ಉದ್ದದ ಲೆನ್ಸಿನಲ್ಲಿ ಅಷ್ಟು ದೂರದಿಂದ ತೆಗೆದರೆ ನಡುವಿನ ಹೊಳೆ, ಪೊದೆ, ಬಯಲು ಎಲ್ಲ ಮಡಿಸಿಟ್ಟ ಬಟ್ಟೆಯಂತೆ ಒತ್ತಿಕೊಳ್ಳುತ್ತವೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ದೂರದ ಬೆಟ್ಟ ಹಿತ್ತಲಿಗೇ ಬಂದು ನಿಲ್ಲುತ್ತದೆ. ಅಂಗೈಯಲ್ಲಿ ಚಂದ್ರನನ್ನು ಹಿಡಿದ ಮಗುವಿನ ಫೋಟೊ ನೋಡಿದರೆ ಚಂದ್ರನ ಕಳವಿನ ದೂರು ದಾಖಲಿಸುತ್ತೀರಾ?

ಕುರ್ಚಿಯಲ್ಲಿ ಕೂತವಳು ನನ್ನ ಹೆಂಡತಿ. ಅವತ್ತು ಅವಳು ಅಣ್ಣನನ್ನು ಕೇಳುತ್ತಲೇ ಇದ್ದಳಂತೆ: "ಎಲ್ಲಿದೆ ಭಾವ ಚಿರತೆ? ನಂಗೆ ಬಂಡೆ ಬಿಟ್ರೆ ಏನೂ ಕಾಣ್ತಿಲ್ಲ."

ಜಗಲಿಯ ಕೆಳಗೆ ನಿಂತಿದ್ದ ಅಣ್ಣ ಪಿಸುಗುಟ್ಟಿದನಂತೆ: "ಕಾಣೋದು ಬೇಡಮ್ಮ, ಕಂಡ ಹಾಗೆ ಕೂತ್ಕೋ. ಕಪ್ಪು ಅಲ್ಲಾಡಿಸ್ಬೇಡ."

ಇದನ್ನು ನಿಮ್ಮ ಗುಮಾಸ್ತರಿಗೆ ಹೇಳಿದೆ. "ಹೆಂಡತಿ ಸಾಕ್ಷಿ ಯಾರ್ರೀ ಕೇಳ್ತಾರೆ? ವಿಡಿಯೊನೇ ಬಾಯಿ ಬಿಟ್ಟು ಹೇಳ್ತಿದೆಯಲ್ಲ" ಎಂದರು. ಜಾಹೀರಾತು ನೋಡಿ ಬರುವ ಅತಿಥಿಗಳು ಕೂಡ ಮೊದಲ ಸಂಜೆಯೇ "ಚಿರತೆ ಎಲ್ಲಿ?" ಎಂದು ಗೊಣಗುತ್ತಾರೆ. ನನ್ನ ಜಾಹೀರಾತನ್ನು ಅಕ್ಷರಶಃ ನಂಬಿದವರು ನೀವೊಬ್ಬರೇ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ಹೊಳೆ, ಬಂಡೆ, ಜಗಲಿ ಮೂರೂ ಒಟ್ಟಿಗೆ ಕಾಣುವ ದೃಶ್ಯಗಳೂ ಇವೆ. ಒಪ್ಪಂದದಂತೆ ಅವೆಲ್ಲ ಲಾಡ್ಜಿನ ವಶದಲ್ಲಿವೆ. ಮ್ಯಾನೇಜರನ್ನು ಬೇಡಿಕೊಂಡೆ. ಅವರು ತಲೆ ಎತ್ತಲಿಲ್ಲ. "ಚಿರತೆ ಅಷ್ಟು ದೂರ ಇತ್ತು ಅಂತ ನಾವೇ ತೋರಿಸಿದ್ರೆ ನಮ್ಮ ಜಾಹೀರಾತು ಸುಳ್ಳು ಅಂತಾಗುತ್ತಲ್ಲ ಸಾರ್. ನಿಮ್ಮಣ್ಣ ಒಳ್ಳೆಯವನೇ, ಆದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅಂದರೆ ಚಿರತೆ ಹತ್ತಿರವಿದ್ದರೆ ಅಣ್ಣ ಅಪರಾಧಿ, ದೂರವಿದ್ದರೆ ಲಾಡ್ಜು. ಇಬ್ಬರಲ್ಲಿ ಬಡವ ಯಾರೆಂದು ನಿಮಗೂ ಗೊತ್ತು, ಅವರಿಗೂ ಗೊತ್ತು.

ಆರೋಪ ಸಾಬೀತಾದರೆ ಅಣ್ಣ ಇನ್ನೆಂದೂ ಕಾಡಿನೊಳಗೆ ಜೀಪು ಓಡಿಸುವಂತಿಲ್ಲ, ಮೇಲೆ ಮೊಕದ್ದಮೆ. ಅತ್ತಿಗೆ ಸಿಬ್ಬಂದಿ ವಸತಿಯ ಕೋಣೆಯಲ್ಲಿ ಪಾತ್ರೆಗಳನ್ನು ಆಗಲೇ ಚೀಲಕ್ಕೆ ತುಂಬಿದ್ದಾರೆ. ಅಣ್ಣ ಮಂಚದ ತುದಿಯಲ್ಲಿ ಬೂಟು ಹಾಕಿಕೊಂಡೇ ಕೂತಿದ್ದಾನೆ, ಯಾರೋ ಸಫಾರಿಗೆ ಕರೆಯುತ್ತಾರೆ ಎಂಬಂತೆ. ನನ್ನನ್ನು ಬೈಯಲಿಲ್ಲ. "ವಿಡಿಯೊ ಮಾತ್ರ ಚೆನ್ನಾಗಿ ಬಂದಿದೆ ಕಣೋ" ಎಂದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನನ್ನ ಬೇಡಿಕೆ ದೊಡ್ಡದಲ್ಲ. ವಿಚಾರಣೆಗೆ ಮುನ್ನ ಒಂದು ಬೆಳಿಗ್ಗೆ ಆ ಜಗಲಿಗೆ ಬನ್ನಿ. ಅದೇ ಕುರ್ಚಿಯಲ್ಲಿ ಕೂತುಕೊಳ್ಳಿ. ಹೊಳೆಯಾಚೆ ನಿಮ್ಮದೇ ಇಲಾಖೆಯ ಜೀಪು ನಿಲ್ಲಲಿ. ಅದೇ ದಿಬ್ಬದಿಂದ, ಅದೇ ಲೆನ್ಸಿನಲ್ಲಿ ತೆಗೆಯುತ್ತೇನೆ. ವಿಡಿಯೊದಲ್ಲಿ ಜೀಪು ನಿಮ್ಮ ಹೆಗಲಿಗೆ ಅಂಟಿಕೊಂಡು ನಿಂತಿರದಿದ್ದರೆ ಅಣ್ಣನ ಜೊತೆ ನನ್ನನ್ನೂ ಒಳಗೆ ಹಾಕಿ. ದಯವಿಟ್ಟು ಬನ್ನಿ. ಬೇರೆ ದಾರಿ ನನಗೆ ತೋಚುತ್ತಿಲ್ಲ.

ವಿಚಾರಣೆ ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ನಿಮ್ಮ ಕಚೇರಿಯ ಮೊದಲ ಮಹಡಿಯಲ್ಲಿ.

ಇಂತಿ,
ಚಿರತೆಯನ್ನು ಹತ್ತಿರ ತಂದು ಅಣ್ಣನನ್ನು ಕಾಡಿನಿಂದ ದೂರ ಮಾಡಿದ ಛಾಯಾಗ್ರಾಹಕ