ಭಾನುವಾರ ಹತ್ತು ಗಂಟೆಯ ಓದು

ಪುಟ್ಟೀ,

ಆಸ್ಪತ್ರೆಗೆ ಪಾಳಿಗೆ ಹೊರಟೆ. ಅಡುಗೆ ಮುಚ್ಚಿಟ್ಟಿದ್ದೀನಿ. ಊರಿಂದ ಬಂದಾಗಿನಿಂದ ಈ ವಾರವೆಲ್ಲ ಮಾಡಿದ ಹಾಗೆ ತಟ್ಟೆ ಮುಂದೆ ಫೋನ್ ಹಿಡ್ಕೊಂಡು ಕೂರಬೇಡ, ತಿನ್ನು.

ಹತ್ತು ಗಂಟೆಗೆ ಅಪ್ಪನ ಕೋಣೆಯಲ್ಲಿ ಮಾತು ಕೇಳಿಸಿದರೆ ಹೆದರಬೇಡ. ಅವರ ಕಂಪ್ಯೂಟರಿನ ಎಐ ಅದು. ಕಣ್ಣು ಮಂಜಾದ ಮೇಲೆ, ನಿನ್ನ ಇಮೇಲುಗಳನ್ನೆಲ್ಲ ‘ಮಗಳು’ ಅನ್ನೋ ಫೋಲ್ಡರಿಗೆ ಹಾಕಿಟ್ಟು ಭಾನುವಾರ ಓದಿ ಹೇಳು ಅಂತ ಅದಕ್ಕೆ ಹೇಳಿಟ್ಟಿದ್ದರು. ಅವರು ಹೋದರು ಅಂತ ಅದಕ್ಕೆ ಯಾರೂ ಹೇಳಿಲ್ಲ. ನೀನು ಈಗಲೂ ಅವರಿಗೆ ಬರೀತೀಯ ಅಂತ ನನಗೂ ಯಾರೂ ಹೇಳಿರಲಿಲ್ಲ. ಖಾಲಿ ಕುರ್ಚಿಗೆ ಅದು ಓದುತ್ತೆ, ನಾನು ಬಾಗಿಲಲ್ಲಿ ನಿಂತು ಕೇಳ್ತೀನಿ. ಬೈಬೇಡ.

ಕಳೆದ ವಾರ ಓದಿ ಮುಗಿಸಿ, ‘ಉತ್ತರ ಬರೆದು ಕಳಿಸಲಾ?’ ಅಂತು. ಕಣ್ಣೊರೆಸ್ಕೋತಾ ‘ಹೂಂ’ ಅಂದುಬಿಟ್ಟೆ. ಅಪ್ಪನ ಹೆಸರಲ್ಲಿ ಬಂತು ಅಂತ ನೀನು ಫೋನಲ್ಲಿ ಮತ್ತೆ ಮತ್ತೆ ತೆಗೆದು ನೋಡ್ತಿರೋ ಉತ್ತರ ಅದೇ ಕಣೇ. ಅಪ್ಪನದಲ್ಲ.

ಆ ಎಐಗೆ ನಿಜ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ಇವತ್ತೊಂದು ದಿನ ಅವರ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳು, ಆಮೇಲೆ ಅಪ್ಪ ಇಲ್ಲ ಅಂತ ನೀನೇ ಅದಕ್ಕೆ ಹೇಳು. ಉತ್ತರ ಕಳಿಸಲಾ ಅಂತ ಅದು ಕೇಳಿದಾಗ ಮಾತ್ರ ಹೂಂ ಅನ್ನಬೇಡ.

ಇವತ್ತು ನನಗೆ ಪಾಳಿಯೇ ಇಲ್ಲ. ಮನೆಯಲ್ಲಿದ್ದರೆ ಮತ್ತೆ ಹೂಂ ಅಂದುಬಿಡ್ತೀನಿ ಅಂತ ಹೊರಟಿದ್ದೀನಿ.

ಅಮ್ಮ