ಹಸಿರು ಚೌಕಕ್ಕೆ ಇಳಿದ ನನ್ನ ಹೆಂಡತಿ

ಅಗ್ನಿಶಾಮಕ ಇಲಾಖೆಯ ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಬಿಎಂಐ ಚಾರ್ಟ್ ನನ್ನ ಹೆಂಡತಿಯ ತೋಳಿನ ಬಲವನ್ನು ಕಿತ್ತುಕೊಂಡಿದೆ. ಖಾಸಗಿಯಾಗಿ ಬರೆದಾಗ ತಾವು ಉತ್ತರಿಸುವ ಕೃಪೆ ಮಾಡಲಿಲ್ಲವಾದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಅವಳು ನಿಮ್ಮದೇ ಠಾಣೆಯಲ್ಲಿ ಬೆಂಕಿ ಆರಿಸುವವಳು. ಗಿಡ್ಡ ಆಳು, ಅಗಲ ಭುಜ. ಅಭ್ಯಾಸಕ್ಕೆಂದು ಠಾಣೆಯಲ್ಲಿ ಮರಳು ತುಂಬಿದ ಆಳೆತ್ತರದ ಗೊಂಬೆಯೊಂದಿದೆ. ಸಿಬ್ಬಂದಿ ಅದನ್ನು 'ಬೀಗರು' ಎನ್ನುತ್ತಾರೆ. ಬೀಗರಲ್ಲವೇ, ದರದರ ಎಳೆಯುವಂತಿಲ್ಲ. ಮೂರನೇ ಮಹಡಿಯಿಂದ ಮರ್ಯಾದೆಯಾಗಿ ಹೊತ್ತೇ ಇಳಿಸಬೇಕು. ಇವಳು ಬೀಗರನ್ನು ಹೆಗಲಿಗೇರಿಸಿಕೊಂಡು ಹರಟುತ್ತಲೇ ಇಳಿದು ಬರುತ್ತಿದ್ದಳು.

ಈ ಸಲದ ತಪಾಸಣೆಗೆ ಗಂಡಂದಿರೂ ಬರಬೇಕೆಂದು ತಾವೇ ಅಪ್ಪಣೆ ಕೊಡಿಸಿದಿರಿ. ಇಬ್ಬರೂ ಒಂದೇ ತೂಕದ ಯಂತ್ರ ಹತ್ತಿದೆವು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದ್ದಾಯಿತು. ಚಾರ್ಟಿನಲ್ಲಿ ಅವಳು ಅತಿತೂಕದ ಕೆಂಪು ಚೌಕದಲ್ಲಿ, ನಾನು ಸರಿತೂಕದ ಹಸಿರು ಚೌಕದಲ್ಲಿ. "ನಿಮ್ ಯಜಮಾನ್ರನ್ನ ನೋಡಿ ಕಲ್ತ್ಕೊಳಮ್ಮ," ಎಂದಿರಿ. ಸ್ವಾಮಿ, ಆ ಯಜಮಾನನಿಗೆ ಸಕ್ಕರೆ ಕಾಯಿಲೆಯಿದೆ, ರಕ್ತದೊತ್ತಡವಿದೆ, ಕಡ್ಡಿಯಂಥ ಕೈಕಾಲುಗಳ ನಡುವೆ ಮಡಕೆಯಂಥ ಹೊಟ್ಟೆಯಿದೆ. ನಿಮ್ಮ ಕಚೇರಿಯ ಮೆಟ್ಟಿಲಲ್ಲಿ ನನ್ನ ಚೀಲ ಹಿಡಿದುಕೊಂಡವಳೇ ಅವಳು. ದಿನವಿಡೀ ಟಿಕೆಟ್ ಕೌಂಟರಿನಲ್ಲಿ ಕೂತು ಬೆಳೆಸಿದ ಈ ಹೊಟ್ಟೆಯಿಂದ ಅವಳು ಕಲಿಯಬೇಕಾದದ್ದೇನು?

"ಇದು ಕೊಬ್ಬಲ್ಲ ಸಾರ್. ಬೇಕಾದ್ರೆ ಬೀಗರನ್ನ ಹೊತ್ತು ತೋರಿಸ್ತೀನಿ," ಎಂದಳು. "ಚಾರ್ಟ್ ಸುಳ್ಳು ಹೇಳಲ್ಲಮ್ಮ," ಎಂದಿರಿ. ನಿಜ, ಹೇಳುವುದಿಲ್ಲ, ಅದಕ್ಕೆ ಗೊತ್ತಿರುವುದೇ ತೂಕ ಮತ್ತು ಎತ್ತರ. ಕೊಬ್ಬು ಎಲ್ಲಿ ಕೂತಿದೆ, ಸ್ನಾಯು ಎಷ್ಟಿದೆ, ರಕ್ತದಲ್ಲೇನಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಊರಿನ ಜನರನ್ನೆಲ್ಲ ಒಟ್ಟಿಗೆ ಅಂದಾಜು ಮಾಡಲು ಅದು ಸಾಕಾಗಬಹುದು. ಒಬ್ಬಳ ಕೆಲಸಕ್ಕೆ ಕಲ್ಲು ಹಾಕಲು ಸಾಕೇ?

ಹಸಿರಿಗೆ ಬರುವವರೆಗೆ ಬೆಂಕಿ ಆರಿಸುವ ವಾಹನ ಹತ್ತಬೇಡ ಎಂದಿರಿ. ಅವಳೋ ಹಠಮಾರಿ. ಊಟ ಅರ್ಧಕ್ಕಿಳಿಸಿದಳು. ಕಸರತ್ತನ್ನೂ ಬಿಟ್ಟಳು, ಭುಜ ಬೆಳೆದರೆ ತೂಕ ಏರುತ್ತದಲ್ಲ! ಆರೋಗ್ಯವಂತಳೆನಿಸಿಕೊಳ್ಳಲು ವ್ಯಾಯಾಮ ಬಿಡುವ ಗತಿಯನ್ನು ನಿಮ್ಮ ಇಲಾಖೆಯಲ್ಲದೆ ಇನ್ನಾರು ತರಬಲ್ಲರು? ಅವಳೆದುರು ಹೊಟ್ಟೆ ತುಂಬ ಉಣ್ಣಲು ನನಗೆ ನಾಚಿಕೆಯಾಗುತ್ತಿತ್ತು. ಕಡೆಗೂ ಹಸಿರು ಬಂತು. ತಾವು ಬೆನ್ನು ತಟ್ಟಿ ಅರ್ಹಳೆಂದು ಸಹಿ ಹಾಕಿದಿರಿ.

ಮಾರನೆಯ ದಿನ ಅವಳು ಬೀಗರನ್ನು ಎತ್ತಿದಳು. ಮೆಟ್ಟಿಲ ತಿರುವಿನಲ್ಲಿ ಮಂಡಿ ಕುಸಿಯಿತು, ಬೀಗರು ಕೆಳಗಿನವರೆಗೂ ಉರುಳಿದರು. ಯಾರೂ ನಗಲಿಲ್ಲವಂತೆ. ಮನೆಗೆ ಬಂದವಳು ಬೂಟು ಬಿಚ್ಚದೆ ಕೂತು, "ಇವತ್ತೇನೋ ಮರಳು. ಮನುಷ್ಯರಾಗಿದ್ದಿದ್ರೆ ಏನ್ರೀ ಮಾಡ್ತಿದ್ದೆ?" ಎಂದಳು. ನಾನು ಅವಳ ಬೂಟು ಬಿಚ್ಚಿಟ್ಟು, ಆ ರಾತ್ರಿಯೇ ತಮಗೆ ಆ ಖಾಸಗಿ ಪತ್ರ ಬರೆದೆ.

ಆ ಚಾರ್ಟನ್ನು ಗೋಡೆಯಿಂದ ಇಳಿಸಿ. ಸೊಂಟ ಅಳೆಯಿರಿ, ರಕ್ತ ಪರೀಕ್ಷಿಸಿ, ಭಾರ ಹೊರಿಸಿ ನೋಡಿ. ಅವಳು ಉಂಡು, ದುಡಿದು, ಮತ್ತೆ ಮೊದಲಿನಂತಾಗಲು ಕಾಲಾವಕಾಶ ಕೊಡಿ. ಇದಾಗದಿದ್ದರೆ, ಮುಂದಿನ ಅಭ್ಯಾಸದ ದಿನ ಬೀಗರಿಗೆ ರಜೆ ಕೊಟ್ಟು ಮೂರನೇ ಮಹಡಿಯಲ್ಲಿ ತಾವೇ ಮಲಗಿ. ಹೊತ್ತು ಇಳಿಸಲು ಯಾರು ಬರಬೇಕೆಂದು ಅಲ್ಲಿಂದಲೇ ಕೂಗಿ ಹೇಳಿ: ತಾವು ಕೆಂಪು ಚೌಕಕ್ಕೆ ಹಾಕಿದ ಆ ಹೆಂಗಸೋ, ಹಸಿರು ಚೌಕಕ್ಕೆ ಇಳಿಸಿದ ಈ ಹೆಂಗಸೋ?

ಇಂತಿ,
ತಮ್ಮ ಹಸಿರು ಚೌಕದಲ್ಲಿ ಏದುಸಿರು ಬಿಡುತ್ತಿರುವ
ಮಾದರಿ ಗಂಡ